ಬೇರಿಗೆ ಉಸಿರು: ನೀರು ಹೆಚ್ಚಾಗಿ ಸೊರಗಿದ ಒಳಾಂಗಣ ಗಿಡದ ಆರೈಕೆ

ಮಣ್ಣು ಒದ್ದೆಯಾಗಿಯೇ ಇದ್ದು ಗಿಡ ಮಾತ್ರ ಬಾಡಿ ನಿಲ್ಲುವುದು ಒಳಾಂಗಣ ಗಿಡಗಳ ಆರೈಕೆಯಲ್ಲಿ ಅತಿ ಹೆಚ್ಚು ತಪ್ಪುಗ್ರಹಿಕೆಗೆ ಒಳಗಾಗುವ ಲಕ್ಷಣ. ಎಲೆ ಜೋತುಬಿದ್ದುದನ್ನು ಕಂಡೊಡನೆ ಗಿಡಕ್ಕೆ ನೀರು ಸಾಲದೆಂದು ಭಾವಿಸಿ ಇನ್ನೊಂದು ಚೊಂಬು ನೀರೆರೆಯುವುದು ವಾಡಿಕೆಯಾಗಿದ್ದು, ಉಳಿಯಬಹುದಾಗಿದ್ದ ಎಷ್ಟೋ ಗಿಡಗಳು ಈ ಎರಡನೆಯ ಚೊಂಬಿನಿಂದಲೇ ಸಾಯುತ್ತವೆ. ಆದುದರಿಂದ ಇಂಥ ಗಿಡವನ್ನು ಉಳಿಸುವ ಕ್ರಮಕ್ಕೆ ಕೈಹಾಕುವ ಮುನ್ನ, ನೀರಿನ ನಡುವೆ ನಿಂತ ಬೇರು ನೀರನ್ನೇ ಹೀರಲಾರದೆ ಹೋಗುವುದೇಕೆ ಎಂಬುದನ್ನು ಅರಿತುಕೊಳ್ಳಬೇಕು. ಚಿಕಿತ್ಸೆಯ ಎಲ್ಲ ಹಂತಗಳೂ ಆ ಒಂದು ಕಾರಣದಿಂದಲೇ ಹುಟ್ಟುತ್ತವೆ.

ಎಲೆಗಳಂತೆ ಬೇರುಗಳೂ ಉಸಿರಾಡುತ್ತವೆ. ಎಲೆಗಳಲ್ಲಿ ತಯಾರಾಗಿ ಕೆಳಗಿಳಿದು ಬಂದ ಸಕ್ಕರೆಯನ್ನು ಆಮ್ಲಜನಕದ ನೆರವಿನಿಂದ ಒಡೆದು, ಅದರಿಂದ ದೊರೆತ ಶಕ್ತಿಯನ್ನು ಬಳಸಿ ಬೇರಿನ ಜೀವಕೋಶಗಳು ಮಣ್ಣಿನ ಲವಣಾಂಶಗಳನ್ನು ಒಳಗೆಳೆದುಕೊಳ್ಳುತ್ತವೆ ಮತ್ತು ಹೊಸ ತುದಿಗಳನ್ನು ಬೆಳೆಸುತ್ತವೆ. ಈ ಆಮ್ಲಜನಕ ಅವುಗಳಿಗೆ ದೊರೆಯುವುದು ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿರುವ ಗಾಳಿಯಿಂದ. ಆ ಸಂದುಗಳೆಲ್ಲ ನೀರಿನಿಂದ ತುಂಬಿಕೊಂಡಾಗ ಪೂರೈಕೆ ಬಹುಮಟ್ಟಿಗೆ ನಿಂತುಹೋಗುತ್ತದೆ, ಏಕೆಂದರೆ ಆಮ್ಲಜನಕವು ಗಾಳಿಯಲ್ಲಿ ಪಸರಿಸುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ನೀರಿನಲ್ಲಿ ಪಸರಿಸುತ್ತದೆ. ಮೇಲಾಗಿ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ ಅಷ್ಟೇ ನೀರಿನಲ್ಲಿ ಕರಗಿರಬಲ್ಲದ್ದು ಸುಮಾರು 8 ಮಿಲಿಗ್ರಾಂ ಮಾತ್ರ. ಆಮ್ಲಜನಕ ಸಿಗದ ಕೋಶಗಳು ಹುದುಗುವಿಕೆಯ ಮಾರ್ಗವನ್ನು ಹಿಡಿಯುತ್ತವೆ, ಎಂದರೆ ಆಮ್ಲಜನಕವಿಲ್ಲದೆಯೇ ಸಕ್ಕರೆಯನ್ನು ಅರೆಬರೆಯಾಗಿ ಒಡೆಯುತ್ತವೆ. ಜೀವಕೋಶಕ್ಕೆ ಶಕ್ತಿಯನ್ನು ಒದಗಿಸುವ ಎಟಿಪಿ ಎಂಬ ರಾಸಾಯನಿಕದ ಅಣುಗಳು ಸಾಮಾನ್ಯ ಉಸಿರಾಟದಲ್ಲಿ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30ರಷ್ಟು ದೊರೆತರೆ, ಈ ಮಾರ್ಗದಲ್ಲಿ ದೊರೆಯುವುದು ಕೇವಲ 2. ಇದರ ಜೊತೆಗೆ ಕೋಶದೊಳಗೆ ಆಮ್ಲೀಯತೆ ಹೆಚ್ಚುತ್ತದೆ, ಹೆಚ್ಚಿದ ಆಮ್ಲೀಯತೆಯಿಂದ ಕೋಶಪೊರೆಯಲ್ಲಿ ನೀರು ಹಾದುಹೋಗುವ ದ್ವಾರಗಳಾದ ಅಕ್ವಾಪೋರಿನ್ ಎಂಬ ಪ್ರೋಟೀನುಗಳು ಮುಚ್ಚಿಕೊಳ್ಳುತ್ತವೆ, ಮತ್ತು ಸುತ್ತ ನೀರೇ ತುಂಬಿದ್ದರೂ ಅದು ಎಲೆಗೆ ಏರುವುದಿಲ್ಲ. ಉಸಿರುಗಟ್ಟಿದ ಬೇರಿನಿಂದ ಮೇಲೇರುವ ಒಂದು ರಾಸಾಯನಿಕವು ಎಲೆಗಳಲ್ಲಿ ಎಥಿಲೀನ್ ಎಂಬ ಅನಿಲವಾಗಿ ಮಾರ್ಪಡುತ್ತದೆ. ಎಲೆಗಳ ತೊಟ್ಟು ಕೆಳಕ್ಕೆ ಬಾಗುವುದರಲ್ಲಿಯೂ ಎಲೆ ಹಳದಿಯಾಗಿ ಉದುರುವುದರಲ್ಲಿಯೂ ಈ ಅನಿಲದ ಪಾತ್ರವಿದೆ.

ಹಾಗಾದರೆ ಬಾಟಲಿಯ ನೀರಿನಲ್ಲಿ ವರ್ಷಗಟ್ಟಲೆ ಬೆಳೆಯುವ ಮನಿಪ್ಲಾಂಟ್ ಒದ್ದೆ ಮಣ್ಣಿನಲ್ಲಿ ಕೊಳೆಯುವುದೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಬಾಟಲಿಯ ನೀರಿನಲ್ಲಿ ಗೊಬ್ಬರವಾಗಲಿ ಕೊಳೆಯುವ ಸಾವಯವ ಪದಾರ್ಥವಾಗಲಿ ಹೆಚ್ಚಾಗಿ ಇರುವುದಿಲ್ಲವಾದ್ದರಿಂದ ಅದರಲ್ಲಿ ಕರಗಿದ ಆಮ್ಲಜನಕಕ್ಕೆ ಬೇರನ್ನು ಬಿಟ್ಟರೆ ಬೇರೆ ಬಳಕೆದಾರರು ಕಡಿಮೆ. ಬೇರುಗಳೂ ಆ ಪರಿಸರಕ್ಕೆ ಹೊಂದಿಕೊಂಡೇ ಮೊದಲಿನಿಂದ ಬೆಳೆದಿರುತ್ತವೆ. ಎರೆಗೊಬ್ಬರ ಬೆರೆತ ಕುಂಡದ ಮಣ್ಣಿನಲ್ಲಾದರೋ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಇದ್ದಬದ್ದ ಆಮ್ಲಜನಕವನ್ನು ಬೇರಿಗಿಂತ ಮೊದಲೇ ಬಳಸಿಬಿಡುತ್ತವೆ. ಕೆಸರುಗದ್ದೆಯಲ್ಲಿ ನಿಲ್ಲುವ ಭತ್ತದ ಪೈರಿಗೆ ಈ ತೊಂದರೆ ತಟ್ಟದಿರುವುದಕ್ಕೆ ಅದರ ಕಾಂಡದಿಂದ ಬೇರಿನವರೆಗೆ ಗಾಳಿಯನ್ನು ಸಾಗಿಸುವ ಏರೆಂಕೈಮಾ ಎಂಬ ಟೊಳ್ಳು ಅಂಗಾಂಶ ಕಾರಣವಾಗಿದ್ದು, ಸ್ನೇಕ್ ಪ್ಲಾಂಟ್, ಜೇಡ್, ಲೋಳೆಸರಗಳಂಥ ಒಣನಾಡಿನ ಮೂಲದ ಗಿಡಗಳಲ್ಲಿ ಅಂಥ ಅನುಕೂಲವಿಲ್ಲ.

ಉಸಿರುಗಟ್ಟಿದ ಬೇರು ಸತ್ತ ಮೇಲೆ ಎರಡನೆಯ ಅಪಾಯ ಆರಂಭವಾಗುತ್ತದೆ. ಪಿಥಿಯಂ ಮತ್ತು ಫೈಟಾಫ್ತೊರಾ ಎಂಬ ಕುಲಗಳಿಗೆ ಸೇರಿದ ಜೀವಿಗಳು ನೋಟಕ್ಕೆ ಶಿಲೀಂಧ್ರಗಳಂತೆ, ಎಂದರೆ ಬೂಷ್ಟಿನಂತೆ, ಎಳೆಎಳೆಯಾಗಿ ಬೆಳೆದರೂ ವಂಶದಲ್ಲಿ ಕಂದು ಪಾಚಿಗಳಿಗೆ ಹೆಚ್ಚು ಹತ್ತಿರದವು. ಇವು ಊಮೈಸೀಟ್ ಎಂಬ ಗುಂಪಿಗೆ ಸೇರಿದ್ದು, ಇವುಗಳ ಬೀಜಕಣಗಳು ಸೂಕ್ಷ್ಮ ಎಳೆಗಳನ್ನು ಬಡಿಯುತ್ತಾ ನೀರಿನಲ್ಲಿ ಈಜಬಲ್ಲವು. ಮಣ್ಣಿನ ಸಂದುಗಳಲ್ಲಿ ನೀರು ನಿಂತಾಗ ಅವು ಬೇರಿನಿಂದ ಬೇರಿಗೆ ಸಾಗುತ್ತವೆ, ದುರ್ಬಲ ಬೇರುಗಳಿಂದ ಸೋರುವ ಸಕ್ಕರೆಯ ಜಾಡು ಹಿಡಿದು ಅಂಟಿಕೊಳ್ಳುತ್ತವೆ. ಮಲೆನಾಡಿನ ಮತ್ತು ಕರಾವಳಿಯ ಕೃಷಿಕರಿಗೆ ಈ ಶತ್ರುವಿನ ಪರಿಚಯ ಹೊಸದೇನಲ್ಲ: ಮಳೆಗಾಲದಲ್ಲಿ ಅಡಿಕೆಯನ್ನು ಕಾಡುವ ಕೊಳೆರೋಗಕ್ಕೂ ಕಾಳುಮೆಣಸಿನ ಬಳ್ಳಿಯನ್ನು ಕೆಲವೇ ದಿನಗಳಲ್ಲಿ ಒಣಗಿಸುವ ಶೀಘ್ರ ಸೊರಗು ರೋಗಕ್ಕೂ ಫೈಟಾಫ್ತೊರಾ ಕುಲದ ಜೀವಿಗಳೇ ಕಾರಣ, ಮತ್ತು ಅಡಿಕೆಯ ಕೊಳೆರೋಗವನ್ನು ಕುರಿತು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು 1910ರಷ್ಟು ಹಿಂದೆಯೇ ಅಧ್ಯಯನವನ್ನು ಪ್ರಕಟಿಸಿದ್ದರು. ತೋಟದಲ್ಲಿ ಬಸಿಗಾಲುವೆ ತೆಗೆಯುವುದರ ಹಿಂದಿನ ತಿಳಿವಳಿಕೆಯೇ ಕಿಟಕಿಯ ಬಳಿಯ ಕುಂಡಕ್ಕೂ ಸಲ್ಲುತ್ತದೆ.

ಕುಂಡದ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ತೂತಿನಿಂದ ನೀರೆಲ್ಲ ಇಳಿದುಹೋದ ಮೇಲೂ ಕುಂಡದ ತಳದಲ್ಲಿ ಒಂದು ಪದರ ಪೂರ್ತಿ ನೆನೆದೇ ಉಳಿಯುತ್ತದೆ, ಏಕೆಂದರೆ ಸೂಕ್ಷ್ಮ ಸಂದುಗಳು ನೀರನ್ನು ಹಿಡಿದಿಟ್ಟುಕೊಳ್ಳುವ ಬಲವು ಅಲ್ಲಿ ಗುರುತ್ವದ ಸೆಳೆತಕ್ಕೆ ಸರಿಸಮವಾಗಿರುತ್ತದೆ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡಲಾಗಿ ಹಿಡಿದಾಗ ಸುರಿಯುವುದು ನಿಂತ ಮೇಲೂ, ಅದನ್ನೇ ಉದ್ದಕ್ಕೆ ನಿಲ್ಲಿಸಿದರೆ ಮತ್ತಷ್ಟು ನೀರು ಇಳಿಯುವುದನ್ನು ಯಾರು ಬೇಕಾದರೂ ನೋಡಬಹುದು; ಕುಂಡದ ಮಣ್ಣಿನ ವರ್ತನೆಯೂ ಹೀಗೆಯೇ ಇದ್ದು, ನೆನೆದ ಪದರದ ಎತ್ತರವನ್ನು ಮಣ್ಣಿನ ಗುಣ ನಿರ್ಧರಿಸುವುದರಿಂದ ತಗ್ಗಾದ ಕುಂಡದಲ್ಲಿ ಆ ಪದರವು ಬೇರುಗಳ ದೊಡ್ಡ ಪಾಲನ್ನು ಮುಳುಗಿಸುತ್ತದೆ. ನೀರು ಬೇಗ ಬಸಿಯಲೆಂದು ತಳಕ್ಕೆ ಜಲ್ಲಿಕಲ್ಲು ಹಾಸುವ ರೂಢಿ ಈ ಕಾರಣದಿಂದಲೇ ವ್ಯರ್ಥ: ನೀರು ಸಣ್ಣ ಸಂದುಗಳ ಮಣ್ಣನ್ನು ಬಿಟ್ಟು ದೊಡ್ಡ ಸಂದುಗಳ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲವಾದ್ದರಿಂದ, ಒದ್ದೆ ಪದರ ಜಲ್ಲಿಯ ಮೇಲೆ ಕುಳಿತು ಬೇರುಗಳಿಗೆ ಇನ್ನಷ್ಟು ಹತ್ತಿರವಾಗುತ್ತದೆ. ತೂತೇ ಇಲ್ಲದ ಅಲಂಕಾರಿಕ ಕುಂಡಗಳಂತೂ ಗಿಡ ನೆಡಲು ತಕ್ಕವೇ ಅಲ್ಲ. ಅವನ್ನು ಹೊರಕವಚವಾಗಿ ಬಳಸುವುದಾದರೆ ಒಳಗಿನ ಕುಂಡವನ್ನು ಹೊರತೆಗೆದು ನೀರುಣಿಸಿ, ಪೂರ್ತಿ ಬಸಿದ ಮೇಲೆ ಮರಳಿ ಇಡಬೇಕು.

ಗಿಡಕ್ಕೆ ನೀರು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂಬುದನ್ನು ಎಲೆಯೊಂದನ್ನೇ ನೋಡಿ ತೀರ್ಮಾನಿಸಲಾಗದು. ನೀರು ಕಡಿಮೆಯಾದ ಗಿಡದ ಎಲೆ ಅಂಚಿನಿಂದ ಗರಿಗರಿಯಾಗಿ ಒಣಗುತ್ತದೆ, ಕುಂಡ ಎತ್ತಿದರೆ ಹಗುರವಾಗಿರುತ್ತದೆ, ಮಣ್ಣು ಕುಂಡದ ಗೋಡೆಯಿಂದ ಬಿಟ್ಟುಕೊಂಡಿರುತ್ತದೆ. ನೀರು ಹೆಚ್ಚಾದ ಗಿಡದಲ್ಲಿ ಕೆಳಗಿನ ಹಳೆಯ ಎಲೆಗಳು ಮೆತ್ತಗಾಗಿ ಹಳದಿಗೆ ತಿರುಗುತ್ತವೆ, ಕುಂಡ ಭಾರವಾಗಿರುತ್ತದೆ, ಕಾಂಡದ ಬುಡ ಒತ್ತಿದರೆ ಕುಸಿಯುತ್ತದೆ. ಮಣ್ಣಿನಿಂದ ಹುಳಿ ವಾಸನೆಯೋ ಕೊಳೆತ ಮೊಟ್ಟೆಯ ವಾಸನೆಯೋ ಬಂದರೆ ಒಳಗೆ ಆಮ್ಲಜನಕ ಮುಗಿದು ಬೇರೆ ಬಗೆಯ ಬ್ಯಾಕ್ಟೀರಿಯಾಗಳು ನೆಲೆಸಿವೆ ಎಂದೇ ತಿಳಿಯಬೇಕು. ಎರಡನೆಯ ವಾಸನೆ ಅವು ಹೊರಬಿಡುವ ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ಕುಂಡದ ಸುತ್ತ ಹಾರಾಡುವ ಪುಟ್ಟ ಕಪ್ಪು ನೊಣಗಳು ಸಹ ಸದಾ ತೇವವಾಗಿರುವ ಮೇಲ್ಮಣ್ಣಿನ ಸೂಚಕಗಳು, ಏಕೆಂದರೆ ಅವುಗಳ ಮರಿಗಳು ಬದುಕುವುದು ಅಂಥ ಮಣ್ಣಿನಲ್ಲಿಯೇ. ತೆಂಗಿನ ನಾರಿನ ಪುಡಿಯಾದ ಕೋಕೋಪೀಟ್ ತುಂಬಿದ ಕುಂಡಗಳಲ್ಲಿ ವಿಶೇಷ ಎಚ್ಚರ ಬೇಕು: ಅದರ ಮೇಲ್ಭಾಗ ಒಣಗಿ ತಿಳಿಕಂದು ಬಣ್ಣಕ್ಕೆ ಬಂದಿದ್ದರೂ ಎರಡು ಅಂಗುಲ ಕೆಳಗೆ ಹಿಂಡಿದರೆ ನೀರು ಒಸರುವಷ್ಟು ಒದ್ದೆಯಿರಬಹುದಾಗಿದ್ದು, ಬಿದಿರಿನ ತೆಳು ಕಡ್ಡಿಯೊಂದನ್ನು ತಳದವರೆಗೆ ಚುಚ್ಚಿ ಕೆಲ ನಿಮಿಷ ಬಿಟ್ಟು ತೆಗೆದು ನೋಡುವುದು ಇಂಥಲ್ಲಿ ನಂಬತಕ್ಕ ಪರೀಕ್ಷೆ.

ಕಾಂಡ ಇನ್ನೂ ಗಟ್ಟಿಯಾಗಿದ್ದು, ಎರಡು ಮೂರು ಎಲೆಗಳಷ್ಟೇ ಹಳದಿಯಾಗಿ, ಮಣ್ಣಿನಿಂದ ಕೆಟ್ಟ ವಾಸನೆ ಬರದಿದ್ದರೆ ಗಿಡವನ್ನು ಕೀಳುವ ಅಗತ್ಯವಿಲ್ಲ. ತಟ್ಟೆಯ ನೀರನ್ನು ಚೆಲ್ಲಿ, ತಳದ ತೂತು ಬೇರಿನಿಂದಲೋ ಮಣ್ಣಿನಿಂದಲೋ ಕಟ್ಟಿಕೊಂಡಿದ್ದರೆ ಕಡ್ಡಿಯಿಂದ ಬಿಡಿಸಿ, ಕುಂಡವನ್ನು ಸ್ವಲ್ಪ ಓರೆಯಾಗಿ ನಿಲ್ಲಿಸಿದರೆ ಸ್ಪಂಜಿನ ಉದಾಹರಣೆಯಲ್ಲಿ ಕಂಡಂತೆ ತಳದ ನೀರಿನಲ್ಲಿ ಒಂದು ಪಾಲು ಇಳಿದುಹೋಗುತ್ತದೆ. ಬಳಿಕ ಮಡಿಸಿದ ಹಳೆಯ ದಿನಪತ್ರಿಕೆಗಳ ಮೇಲೋ ದಪ್ಪ ಹತ್ತಿಬಟ್ಟೆಯ ಮೇಲೋ ಕುಂಡವನ್ನಿಟ್ಟು, ಅವು ನೆನೆದಂತೆಲ್ಲ ಬದಲಿಸುತ್ತಿದ್ದರೆ ಇನ್ನಷ್ಟು ನೀರು ಹೀರಲ್ಪಡುತ್ತದೆ. ಗಿಡವನ್ನು ಗಾಳಿಯಾಡುವ, ಹೆಚ್ಚು ಬೆಳಕಿರುವ, ಆದರೆ ನೇರ ಬಿಸಿಲು ಬೀಳದ ಸ್ಥಳಕ್ಕೆ ಸಾಗಿಸಬೇಕು. ಬೇಗ ಒಣಗಲೆಂದು ಸುಡುಬಿಸಿಲಿಗೆ ಇಡುವುದು ಅಪಾಯಕರ, ಏಕೆಂದರೆ ನೀರನ್ನು ಮೇಲೆತ್ತಲಾರದ ಸ್ಥಿತಿಯಲ್ಲಿರುವ ಗಿಡದ ಎಲೆಗಳಿಂದ ನೀರು ಆವಿಯಾಗಿ ಹೋಗುವ ವೇಗವನ್ನು ಅದು ಹೆಚ್ಚಿಸುತ್ತದೆ.

ಕಾಂಡದ ಬುಡ ಮೆತ್ತಗಾಗಿದ್ದರೆ, ಮಣ್ಣು ನಾರುತ್ತಿದ್ದರೆ ಅಥವಾ ಎಲೆಗಳು ದಿನದಿಂದ ದಿನಕ್ಕೆ ಹೆಚ್ಚು ಹೆಚ್ಚಾಗಿ ಬೀಳುತ್ತಿದ್ದರೆ ಕಾಯುತ್ತ ಕೂರುವುದು ಸಲ್ಲದು. ಅಂದೇ ಗಿಡವನ್ನು ಕುಂಡದಿಂದ ತೆಗೆಯಬೇಕು. ಕುಂಡವನ್ನು ಮಗುಚಿ, ಕಾಂಡವನ್ನು ಎಳೆಯದೆ, ಬದಿಗಳನ್ನು ತಟ್ಟಿ ಮಣ್ಣಿನ ಗಡ್ಡೆಯನ್ನು ಇಡಿಯಾಗಿ ಹೊರತೆಗೆದ ಮೇಲೆ, ಬೆರಳಿನಿಂದ ಮಣ್ಣನ್ನು ಸಡಿಲಿಸಿ, ಉಳಿದುದನ್ನು ನಲ್ಲಿಯ ಸಣ್ಣ ಧಾರೆಯ ಕೆಳಗೆ ತೊಳೆದುಹಾಕಬೇಕು. ಆರೋಗ್ಯವಂತ ಬೇರು ಸಾಮಾನ್ಯವಾಗಿ ಬಿಳಿಯಾಗಿಯೋ ನಸುಕಂದಾಗಿಯೋ ಇದ್ದು ಹಿಡಿತಕ್ಕೆ ಗಟ್ಟಿಯಾಗಿರುತ್ತದೆ. ಕೊಳೆತ ಬೇರು ಕಡುಕಂದು ಇಲ್ಲವೆ ಕಪ್ಪಾಗಿದ್ದು, ಎರಡು ಬೆರಳುಗಳ ನಡುವೆ ಎಳೆದರೆ ಹೊರಸಿಪ್ಪೆ ಜಾರಿ ಒಳಗಿನ ದಾರದಂಥ ನಾಳ ಮಾತ್ರ ಕೈಯಲ್ಲಿ ಉಳಿಯುತ್ತದೆ. ಬಣ್ಣಕ್ಕಿಂತ ಗಟ್ಟಿತನವೇ ಹೆಚ್ಚು ಖಚಿತವಾದ ಸಾಕ್ಷಿಯೆಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ, ಏಕೆಂದರೆ ಕೆಲವು ಗಿಡಗಳ ಜೀವಂತ ಬೇರುಗಳೂ ಸಹಜವಾಗಿಯೇ ಕಿತ್ತಳೆ ಅಥವಾ ಕಂದು ಬಣ್ಣದವಾಗಿದ್ದು, ಅವನ್ನು ಕೊಳೆತವೆಂದು ಕತ್ತರಿಸಿದರೆ ಗಿಡದ ಕೊನೆಯ ಆಧಾರವನ್ನೇ ಕಳೆದಂತಾಗುತ್ತದೆ.

ಕತ್ತರಿಸಲು ಹರಿತವಾದ ಕತ್ತರಿಯನ್ನು ಸ್ಪಿರಿಟ್ಟಿನಿಂದ ಒರೆಸಿ ಬಳಸಬೇಕು, ಕೊಳೆತ ಭಾಗವನ್ನು ಮುಟ್ಟಿದ ಪ್ರತಿ ಬಾರಿಯೂ ಮತ್ತೆ ಒರೆಸಬೇಕು, ಮತ್ತು ಬೇರನ್ನಾಗಲಿ ಗೆಡ್ಡೆಯನ್ನಾಗಲಿ ಕಲೆಯಿಲ್ಲದ ಗಟ್ಟಿ ಅಂಗಾಂಶ ಕಾಣುವವರೆಗೆ ಕತ್ತರಿಸಬೇಕು. ಕಂದು ಕಲೆಯೊಂದನ್ನು ದಾಕ್ಷಿಣ್ಯದಿಂದ ಉಳಿಸಿದರೆ ಕೊಳೆ ಅಲ್ಲಿಂದಲೇ ಮುಂದುವರಿಯುತ್ತದೆ. ಮನಿಪ್ಲಾಂಟ್, ಪೀಸ್ ಲಿಲಿ, ಜೆಡ್‌ಜೆಡ್ ಗಿಡ ಮೊದಲಾದವು ಕೆಸುವಿನ ಕುಟುಂಬಕ್ಕೆ ಸೇರಿದವಾದ್ದರಿಂದ ಅವುಗಳ ರಸದಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ತುರಿಕೆ ಉಂಟುಮಾಡುತ್ತವೆ. ಕೈಗವಸು ತೊಟ್ಟಿರುವುದು ಒಳ್ಳೆಯದು. ಬೇರಿನ ಅರ್ಧದಷ್ಟು ಹೋಗಿದ್ದರೆ ಎಲೆಗಳನ್ನೂ ಒಂದಿಷ್ಟು ಕಡಿಮೆ ಮಾಡುವುದು ಉಚಿತವಾದರೂ ಇದರಲ್ಲಿ ಮಿತಿ ಇರಬೇಕು: ಹೊಸ ಬೇರು ಬೆಳೆಯಲು ಬೇಕಾದ ಸಕ್ಕರೆ ತಯಾರಾಗುವುದು ಹಸಿರೆಲೆಗಳಲ್ಲಿಯೇ ಆದ್ದರಿಂದ, ಹಳದಿಯಾದವನ್ನು ಮತ್ತು ಪೂರ್ತಿ ಜೋತುಬಿದ್ದವನ್ನು ಮೊದಲು ತೆಗೆದು, ಗಟ್ಟಿಯಾದ ಹಸಿರೆಲೆಗಳನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳಬೇಕು.

ಔಷಧಗಳ ವಿಷಯದಲ್ಲಿ ಬಹಳಷ್ಟು ಗೊಂದಲವಿದೆ. ಗಿಡದ ಕೊಳೆಗೆಲ್ಲ ಕಾರ್ಬೆಂಡಜಿಮ್ ಪುಡಿಯನ್ನು ಬಳಸುವ ರೂಢಿ ವ್ಯಾಪಕವಾಗಿದೆಯಾದರೂ, ಅದು ನಿಜವಾದ ಶಿಲೀಂಧ್ರಗಳಲ್ಲಿ ಹಲವನ್ನು ತಡೆಯುವುದೇ ಹೊರತು ಮೇಲೆ ಹೇಳಿದ ಪಿಥಿಯಂ, ಫೈಟಾಫ್ತೊರಾಗಳ ಮೇಲೆ ಕೆಲಸ ಮಾಡುವುದಿಲ್ಲ. ಅವುಗಳಿಗೆ ಮೆಟಲಾಕ್ಸಿಲ್‌ನಂಥ ಬೇರೆಯೇ ಬಗೆಯ ಔಷಧ ಬೇಕಾಗುತ್ತದೆ, ಮತ್ತು ಅದನ್ನು ಪೊಟ್ಟಣದ ಮೇಲೆ ಸೂಚಿಸಿದ ಪ್ರಮಾಣದಲ್ಲಿ ಮಾತ್ರ, ತುಳಸಿ ದೊಡ್ಡಪತ್ರೆಗಳಂಥ ಸೇವಿಸುವ ಗಿಡಗಳನ್ನು ಹೊರತುಪಡಿಸಿ ಬಳಸಬೇಕು. ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣವನ್ನು ಮಣ್ಣಿಗೆ ಸುರಿದರೆ ಬೇರಿಗೆ ಆಮ್ಲಜನಕ ಸಿಗುತ್ತದೆಂಬ ಸಲಹೆ ಜನಪ್ರಿಯವಾಗಿದ್ದರೂ ಆ ಪರಿಣಾಮ ಅಲ್ಪಕಾಲದ್ದು, ಮೇಲಾಗಿ ಗಾಢವಾದ ದ್ರಾವಣ ಎಳೆಯ ಬೇರನ್ನೂ ಉಪಕಾರಿ ಸೂಕ್ಷ್ಮಜೀವಿಗಳನ್ನೂ ಸುಡುತ್ತದೆ. ದಾಲ್ಚಿನ್ನಿ ಅಥವಾ ಅರಿಶಿನದ ಪುಡಿಯನ್ನು ದಪ್ಪ ಕಾಂಡದ ಗಾಯಕ್ಕೆ ಸವರಬಹುದಾದರೂ ಅದು ಕೊಳೆತ ಭಾಗವನ್ನು ಕತ್ತರಿಸಿ ತೆಗೆಯುವುದಕ್ಕೆ ಬದಲಿಯಾಗಲಾರದು. ಕೃಷಿ ಸಾಮಗ್ರಿಗಳ ಅಂಗಡಿಗಳಲ್ಲಿ ದೊರೆಯುವ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಹೊಸ ಮಣ್ಣಿಗೆ ಬೆರೆಸುವುದು ಇವೆಲ್ಲಕ್ಕಿಂತ ಮೇಲು. ಆದರೆ ಅದು ಮುಂದಿನ ಸೋಂಕನ್ನು ತಡೆಯುವ ಸಾಧನವಾಗಿದ್ದು, ರಾಸಾಯನಿಕ ಶಿಲೀಂಧ್ರನಾಶಕದೊಡನೆ ಒಟ್ಟಿಗೆ ಹಾಕಿದರೆ ತಾನೇ ಸಾಯಬಹುದು. ಯಾವ ಔಷಧವೂ ಇಲ್ಲದೆ, ಕೊಳೆತದ್ದನ್ನು ಕತ್ತರಿಸಿ ಗಾಳಿಯಾಡುವ ಮಣ್ಣಿಗೆ ಬದಲಿಸಿದುದರಿಂದಷ್ಟೇ ಚೇತರಿಸಿಕೊಳ್ಳುವ ಗಿಡಗಳೂ ಸಾಕಷ್ಟಿವೆ.

ಮತ್ತೆ ನೆಡುವಾಗ ಹಳೆಯ ಮಣ್ಣನ್ನು ಬಳಸಬಾರದು, ಹಳೆಯ ಕುಂಡವನ್ನು ಸಾಬೂನಿನಿಂದ ತೊಳೆದು ಬಿಸಿಲಿನಲ್ಲಿ ಒಣಗಿಸದೆ ಬಳಸಬಾರದು. ಚೇತರಿಸಿಕೊಳ್ಳಲಿ ಎಂಬ ಕಾಳಜಿಯಿಂದ ದೊಡ್ಡ ಕುಂಡ ಕೊಡುವುದು ಅನೇಕರು ಮಾಡುವ ತಪ್ಪು: ಉಳಿದಿರುವ ಅಲ್ಪ ಬೇರು ಅಷ್ಟು ಮಣ್ಣಿನ ನೀರನ್ನು ಹೀರಲಾರದೆ ಅದು ವಾರಗಟ್ಟಲೆ ಒದ್ದೆಯಾಗಿಯೇ ಉಳಿಯುವುದರಿಂದ, ಉಳಿದ ಬೇರಿನ ಗಡ್ಡೆಗಿಂತ ಒಂದೆರಡು ಅಂಗುಲ ಮಾತ್ರ ಅಗಲವಾದ, ಸಾಧ್ಯವಾದರೆ ಮಣ್ಣಿನಿಂದಲೇ ಮಾಡಿದ, ಗೋಡೆಯ ಮೂಲಕವೂ ನೀರು ಆವಿಯಾಗಿ ಹೋಗುವ ಕುಂಡವೇ ಉತ್ತಮ. ಮನಿಪ್ಲಾಂಟಿನಂಥ ಎಲೆಗಿಡಗಳಿಗೆ ಕೋಕೋಪೀಟ್, ಎರೆಗೊಬ್ಬರ ಹಾಗೂ ಪರ್ಲೈಟ್ ಎಂಬ ಹಗುರವಾದ ಬಿಳಿ ಅರಳುಕಲ್ಲಿನ ಮಿಶ್ರಣ ಹೊಂದುತ್ತದೆ. ಪರ್ಲೈಟ್ ಸಿಗದಿದ್ದಲ್ಲಿ ಜರಡಿ ಹಿಡಿದು ಪುಡಿ ತೆಗೆದ ಇಟ್ಟಿಗೆ ಚೂರೋ ಇದ್ದಿಲಿನ ಚೂರೋ ಅದೇ ಕೆಲಸ ಮಾಡುತ್ತದೆ. ಸ್ನೇಕ್ ಪ್ಲಾಂಟ್, ಜೇಡ್, ಲೋಳೆಸರಗಳಿಗೆ ಮಿಶ್ರಣದ ಅರ್ಧಕ್ಕಿಂತ ಹೆಚ್ಚು ಪಾಲು ಇಂಥ ಒರಟು ಚೂರುಗಳೂ ದಪ್ಪ ಮರಳೂ ಇರಬೇಕು. ನುಣ್ಣನೆಯ ಮರಳನ್ನು ಕೆಂಪು ಮಣ್ಣಿಗೆ ಬೆರೆಸಿದರೆ ಸಂದುಗಳು ತೆರೆಯುವ ಬದಲು ಇನ್ನಷ್ಟು ಕಟ್ಟಿಕೊಳ್ಳುತ್ತವೆ.

ನೆಟ್ಟ ಕೂಡಲೇ ನೀರು ಕೊಡಬೇಕೇ ಎಂಬುದು ಗಿಡವನ್ನು ಅವಲಂಬಿಸಿದೆ. ತೆಳ್ಳನೆಯ ಎಲೆಯ ಗಿಡಗಳಿಗೆ ಮಣ್ಣು ಬೇರಿಗೆ ಅಂಟಿಕೊಳ್ಳುವಷ್ಟು ನೀರು ಒಮ್ಮೆ ಕೊಟ್ಟು, ಮೇಲಿನ ಒಂದೆರಡು ಅಂಗುಲ ಒಣಗುವವರೆಗೆ ಮತ್ತೆ ಮುಟ್ಟಬಾರದು. ಎಲೆಯಲ್ಲಿಯೋ ಗೆಡ್ಡೆಯಲ್ಲಿಯೋ ನೀರು ಕೂಡಿಟ್ಟುಕೊಳ್ಳುವ ಗಿಡಗಳನ್ನು, ಕತ್ತರಿಸಿದ ಗಾಯ ಒಣಗಿ ಪೊರೆಗಟ್ಟಲು ಕೆಲವು ದಿನ ನೆರಳಿನಲ್ಲಿ ಬರಿಬೇರಿನಲ್ಲೇ ಬಿಟ್ಟು, ಒಣಮಣ್ಣಿನಲ್ಲಿ ನೆಟ್ಟು, ಒಂದು ವಾರದ ಬಳಿಕ ಮೊದಲ ನೀರು ಕೊಡಬೇಕು. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಹಾಕಲೇಬಾರದು, ಏಕೆಂದರೆ ಗಾಯಗೊಂಡ ಬೇರಿನ ಸುತ್ತ ಲವಣಾಂಶ ಹೆಚ್ಚಿದರೆ ನೀರು ಒಳಸೇರುವುದು ಇನ್ನೂ ಕಷ್ಟವಾಗುತ್ತದೆ. ಈ ಅವಧಿಯಲ್ಲಿ ಮತ್ತೊಂದೆರಡು ಹಳೆಯ ಎಲೆಗಳು ಉದುರಿದರೂ ಗಾಬರಿಪಡಬೇಕಾಗಿಲ್ಲ. ಕಾಂಡ ಗಟ್ಟಿಯಾಗಿದ್ದರೆ ಗಿಡ ಜೀವಂತವಾಗಿದೆ.

ಮುಂದಿನ ನೀರುಣಿಸುವಿಕೆಯನ್ನು ವಾರದ ಲೆಕ್ಕದಲ್ಲಿ ನಿಗದಿಪಡಿಸುವುದು ಸರಿಯಲ್ಲ. ಗಿಡ ಬಳಸುವ ನೀರು ಅದಕ್ಕೆ ಸಿಗುವ ಬೆಳಕನ್ನೂ ಗಾಳಿಯ ತೇವವನ್ನೂ ಅವಲಂಬಿಸಿದ್ದು, ನರ್ಸರಿಯ ಬೆಳಕಿನಲ್ಲಿ ದಿನವೂ ನೀರು ಬೇಡುತ್ತಿದ್ದ ಗಿಡಕ್ಕೆ ಮನೆಯ ಮೂಲೆಯಲ್ಲಿ ಹತ್ತು ದಿನಕ್ಕೊಮ್ಮೆ ಸಾಕಾಗಬಹುದು. ಆಗಸ್ಟ್ ತಿಂಗಳಿನಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಕೊಂಡು ತರುವ ಗಿಡಗಳಿಗೆ ಈ ವ್ಯತ್ಯಾಸ ತೀವ್ರವಾಗಿ ತಟ್ಟುತ್ತದೆ, ಏಕೆಂದರೆ ಮೋಡ ಕವಿದ ಮಳೆಗಾಲದ ನಡುವೆ ಅವು ಮನೆಯೊಳಗಿನ ಮಬ್ಬಿಗೆ ಬಂದಿರುತ್ತವೆ. ಕೊಡುವಾಗ ತಳದಿಂದ ಹೊರಬರುವಷ್ಟು ಪೂರ್ತಿಯಾಗಿ ಕೊಟ್ಟು, ಆ ಬಳಿಕ ಒಣಗಲು ಬಿಡುವುದು ಕ್ಷೇಮಕರ. ದಿನವೂ ಒಂದಿಷ್ಟು ಎಂಬ ಕ್ರಮದಲ್ಲಿ ಮಣ್ಣಿನ ಸಂದುಗಳಿಗೆ ಗಾಳಿ ಮರಳುವ ಅವಕಾಶವೇ ದೊರೆಯುವುದಿಲ್ಲ. ನಿತ್ಯಪೂಜೆಯ ತುಳಸಿಗೆ ಮಳೆಗಾಲದಲ್ಲಿಯೂ ಚಳಿಗಾಲದಲ್ಲಿಯೂ ಒಂದು ಉದ್ಧರಣೆ ನೀರನ್ನು ಅರ್ಪಿಸಿ, ಬೇರಿಗೆ ಬೇಕಾದ ನೀರನ್ನು ಮಣ್ಣು ನೋಡಿ ಕೊಟ್ಟರೆ ಆಚರಣೆಗೂ ಗಿಡಕ್ಕೂ ಲೋಪವಾಗದು.

ಬೇರೆಲ್ಲ ಕೊಳೆತು ಕಾಂಡದ ಮೇಲ್ಭಾಗ ಮಾತ್ರ ಗಟ್ಟಿಯಾಗಿ ಉಳಿದಿದ್ದರೆ, ಅದೇ ಗಿಡವನ್ನು ತುಂಡಿನಿಂದ ಮರಳಿ ಪಡೆಯುವ ಮಾರ್ಗವಿದೆ. ಮನಿಪ್ಲಾಂಟಿನ ಬಳ್ಳಿಯನ್ನು ಒಂದಾದರೂ ಗೆಣ್ಣು ಇರುವಂತೆ ಕತ್ತರಿಸಿ ಶುದ್ಧ ನೀರಿನಲ್ಲಿಟ್ಟು, ನೀರನ್ನು ಆಗಾಗ ಬದಲಿಸುತ್ತಿದ್ದರೆ ಕೆಲವೇ ವಾರಗಳಲ್ಲಿ ಗೆಣ್ಣಿನಿಂದ ಬೇರು ಹೊರಡುತ್ತದೆ. ಗೆಣ್ಣಿಲ್ಲದ ಬರಿಯ ಎಲೆಯಿಂದ ಹೊಸ ಬಳ್ಳಿ ಹುಟ್ಟುವುದಿಲ್ಲ. ದೊಡ್ಡಪತ್ರೆ ಮತ್ತು ಜೇಡ್ ಗಿಡಗಳ ತುಂಡುಗಳನ್ನು ಗಾಯ ಒಣಗಿಸಿ ಮರಳುಮಿಶ್ರಿತ ಮಣ್ಣಿನಲ್ಲಿ ನೆಟ್ಟರಾಯಿತು. ಜೆಡ್‌ಜೆಡ್ ಗಿಡದ ಬಿಡಿ ಎಲೆಯೂ ಪುಟ್ಟ ಗೆಡ್ಡೆ ಕಟ್ಟಬಲ್ಲದಾದರೂ ಅದಕ್ಕೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ಸ್ನೇಕ್ ಪ್ಲಾಂಟಿನ ಎಲೆಯನ್ನು ಮೂರು ನಾಲ್ಕು ಅಂಗುಲದ ತುಂಡುಗಳಾಗಿ ಕತ್ತರಿಸಿ, ಗಿಡದಲ್ಲಿ ಕೆಳಗಿದ್ದ ತುದಿಯೇ ಮಣ್ಣಿನೊಳಗೆ ಇರುವಂತೆ ನೆಡಬೇಕು. ಹಳದಿ ಅಂಚಿನ ತಳಿಯಲ್ಲಿ ಆ ಅಂಚಿನ ಅಂಗಾಂಶವು ಉಳಿದ ಎಲೆಗಿಂತ ತಳಿಗುಣದಲ್ಲಿಯೇ ಬೇರೆಯಾಗಿರುವುದರಿಂದ ಎಲೆಯ ತುಂಡಿನಿಂದ ಹುಟ್ಟುವ ಮರಿಗಳು ಹಳದಿ ಅಂಚಿಲ್ಲದೆ ಬರುತ್ತವೆ, ಆದ್ದರಿಂದ ಬಣ್ಣವನ್ನು ಉಳಿಸಿಕೊಳ್ಳಬೇಕೆಂಬವರು ಗೆಡ್ಡೆಯ ಗಟ್ಟಿ ಭಾಗವೊಂದನ್ನು ಅದರ ಎಲೆಯ ಸಮೇತ ಬೇರ್ಪಡಿಸಿ ನೆಡಬೇಕಾಗುತ್ತದೆ.